ನಾಲ್ಕು ಬೆರಳಿನಷ್ಟು ಫೋಕಸ್

ಬೀದಿಯ ಜನ ಅವನನ್ನು ಕರೆಯುವುದು ‘ಒಂದ್ನಿಮಿಷ’ ಎಂದು. ಪಾಸ್‌ಪೋರ್ಟ್ ಫೋಟೊಗೆ ಬಂದವರು ಉಸಿರು ಬಿಗಿಹಿಡಿದು ಕೂತಿರುವಾಗ ಅವನು ಆ ಮಾತು ಹೇಳಿ, ತೆಗೆದ ಚಿತ್ರವನ್ನು ಕ್ಯಾಮೆರಾದ ಪರದೆಯಲ್ಲಿ ಹಿಗ್ಗಿಸಿ, ರೆಪ್ಪೆಯ ಕೂದಲು ಬಿಡಿಬಿಡಿಯಾಗಿ ಕಾಣುತ್ತಿದೆಯೇ ಎಂದು ನೋಡುತ್ತಾನೆ. ಕಾಣದಿದ್ದರೆ ಇನ್ನೊಂದು. ಸ್ಟುಡಿಯೋ ಎಂದರೆ ಒಂದೇ ಕೋಣೆ. ಪಕ್ಕದಲ್ಲಿ ಭಾವನ ಟೈಲರ್ ಅಂಗಡಿ, ಮೇಲೆ ಅಕ್ಕನ ಮನೆ. ಅವನನ್ನು ಸಾಕಿ ಬೆಳೆಸಿದವಳು ಆ ಅಕ್ಕನೇ. ಆದರೂ ಅವಳ ಜೊತೆಗಿನ ಒಂದು ಫೋಟೊ ಅವನ ಬಳಿ ಇರಲಿಲ್ಲ. ಯಾವಾಗಲೂ ಅವನು ಕ್ಯಾಮೆರಾದ ಹಿಂದೆ.

ಅಂದು ಅಕ್ಕ ಆಸ್ಪತ್ರೆಗೆ ಸೇರಬೇಕಿತ್ತು. ಮರುದಿನ ದವಡೆಯ ಆಪರೇಷನ್. ಗಡ್ಡೆಯ ಜೊತೆ ಮೂಳೆ ಎಷ್ಟು ಹೋಗುತ್ತದೋ, ಆಮೇಲೆ ಮುಖ ಹೇಗಿರುತ್ತದೋ ಈಗಲೇ ಹೇಳಲಾಗದು ಎಂದಿದ್ದರು ಡಾಕ್ಟರು.

“ಈ ಮುಖ ಇರುವಾಗ್ಲೇ ಒಂದು ತೆಗಿಯೋ. ನೀನೂ ಪಕ್ಕದಲ್ಲಿ ಕೂರ್ಬೇಕು,” ಎಂದಳು ಅಕ್ಕ.

ಹಾಗಾಗಿ ಒತ್ತುವ ಕೆಲಸ ಭಾವನಿಗೆ ಬಂತು. ತಮ್ಮನ ಕ್ಯಾಮೆರಾದಲ್ಲಿ ಶಟರ್ ಒತ್ತಿದರೆ ಫೋಕಸ್ ಆಗುವುದಿಲ್ಲ. ಅದಕ್ಕೆ ಹಿಂಬದಿಯ ಸಣ್ಣ ಬಟನ್ನನ್ನು ಹೆಬ್ಬೆರಳಿನಿಂದ ಒತ್ತಬೇಕು. ಸಮಾರಂಭಗಳಲ್ಲಿ ಯಾರಾದರೂ ಅಡ್ಡ ಬಂದಾಗ ಫೋಕಸ್ ಅವರ ಮೇಲೆ ಜಿಗಿಯದಿರಲೆಂದು ಅವನೇ ಮಾಡಿಕೊಂಡ ಸೆಟ್ಟಿಂಗ್ ಅದು. ಅಕ್ಕನ ಕಣ್ಣಿನ ಮೇಲೆ ಫೋಕಸ್ ಹಿಡಿದು, ಓಡಿ ಬಂದು ಪಕ್ಕದಲ್ಲಿ ಕೂತ.

“ನೀನು ಒಂದ್ನಿಮಿಷ ಅನ್ನೋಷ್ಟರಲ್ಲಿ ನಾನು ಒಂದು ಪ್ಯಾಂಟು ಹೊಲಿದಿರ್ತೀನಿ ಕಣಯ್ಯ,” ಎಂದ ಭಾವ. ಅಕ್ಕ ನಗುತ್ತ ಮುಂದಕ್ಕೆ ಬಾಗಿದಳು. ಭಾವ ಒತ್ತಿದ.

ತಮ್ಮ ಎದ್ದು ಹೋಗಿ ಚಿತ್ರ ಹಿಗ್ಗಿಸಿದ. ಕುರ್ಚಿಯ ಬೆನ್ನಿನ ಮೊಳೆ ಸ್ಪಷ್ಟವಾಗಿತ್ತು. ಅಕ್ಕನ ಕಣ್ಣು ಹೊಗೆಯಂತಿತ್ತು. ಹಿಂದಿನ ಗೋಡೆ ಮಸುಕಾಗಲೆಂದು ಲೆನ್ಸಿನ ಬಾಯಿಯನ್ನು ಪೂರ್ತಿ ತೆರೆದಿದ್ದ. ಅಷ್ಟು ತೆರೆದರೆ ಸ್ಪಷ್ಟವಾಗಿ ಬರುವುದು ನಾಲ್ಕು ಬೆರಳಿನಷ್ಟು ಆಳ ಮಾತ್ರ. ಅಕ್ಕ ಅದನ್ನು ದಾಟಿ ಬಂದಿದ್ದಳು.

ಹೊರಗೆ ಆಸ್ಪತ್ರೆಗೆ ಕರೆದೊಯ್ಯಲು ಬಂದ ಕಾರಿನ ಹಾರ್ನ್ ಕೇಳಿಸಿತು.

“ಫೋಟೊ ಬಂತೇನೋ?” ಎಂದಳು ಅಕ್ಕ.

ಚಿಕ್ಕ ಪರದೆಯಲ್ಲಿ ಅವಳಿಗೆ ವ್ಯತ್ಯಾಸ ತಿಳಿಯುತ್ತಿರಲಿಲ್ಲ. ಬಂತು ಎಂದರೆ ಮುಗಿಯುತ್ತಿತ್ತು.

“ಇಲ್ಲ ಅಕ್ಕ. ಬರ್ಲಿಲ್ಲ.”

ಅಕ್ಕ ಬಾಗಿಲ ಕಡೆ ತಿರುಗಿ, “ಡ್ರೈವರಪ್ಪಾ, ಒಂದ್ನಿಮಿಷ!” ಎಂದು ಕೂಗಿದಳು.

ಫೋಕಸನ್ನು ಮತ್ತೆ ಶಟರಿಗೇ ಕೊಡಬಹುದಿತ್ತು. ಆದರೆ ಕಣ್ಣನ್ನು ತಾನೇ ಹುಡುಕುವ ಕ್ಯಾಮೆರಾ ಅದಲ್ಲ. ಭಾವ ಒತ್ತಿದರೆ ಇಬ್ಬರ ತಲೆಗಳ ನಡುವಿನ ಗೋಡೆಯನ್ನೇ ಹಿಡಿದೀತು. ಲೆನ್ಸಿನ ಬಾಯಿಯನ್ನು ಕಿರಿದುಗೊಳಿಸಿ ಅಪರ್ಚರನ್ನು ಎಂಟಕ್ಕೆ ತಂದ. ಆಳ ಹೆಚ್ಚಿತು, ಬೆಳಕು ಕಡಿಮೆಯಾಯಿತು. ಅದಕ್ಕೆ ಕಡಿಮೆ ಬೆಳಕಲ್ಲೂ ಚಿತ್ರ ಹಿಡಿಯುವಂತೆ ಐಎಸ್ಒ ಏರಿಸಿದ. ಚಿತ್ರದಲ್ಲಿ ಸ್ವಲ್ಪ ಕಾಳಿನಂಥ ಚುಕ್ಕೆಗಳು ಕಾಣಿಸಿಕೊಂಡರೂ ಚಿಂತೆಯಿಲ್ಲ. ಆದರೆ ಅಕ್ಕ ಮತ್ತೆ ನಕ್ಕರೆ?

“ಭಾವ, ನಿಮ್ಮ ಟೇಪು ಕೊಡಿ.”

ಕೊರಳಲ್ಲಿದ್ದ ಅಳತೆ ಟೇಪನ್ನು ಭಾವ ಕೊಟ್ಟ. ಅದರ ಒಂದು ತುದಿಯನ್ನು ಕ್ಯಾಮೆರಾ ನಿಂತಿದ್ದ ಟ್ರೈಪಾಡಿಗೆ ಕಟ್ಟಿ, ಇನ್ನೊಂದನ್ನು ಅಕ್ಕನ ಕೈಗಿಟ್ಟು ಕಿವಿಯ ಪಕ್ಕ ಹಿಡಿಸಿದ. “ಇದು ಬಿಗಿಯಾಗೇ ಇರ್ಬೇಕು. ಸಡಿಲ ಆದ್ರೆ ನೀನು ಮುಂದೆ ಬಂದೆ ಅಂತ.” ಮತ್ತೆ ಅವಳ ಕಣ್ಣಿನ ಮೇಲೆ ಫೋಕಸ್ ಹಿಡಿದು ಬಂದು ಪಕ್ಕದಲ್ಲಿ ಕೂತ.

“ಮದುವೆಯಾದಾಗಿಂದ ಇವಳನ್ನ ಬಿಗಿಯಾಗಿ ಕೂರಿಸೋಕೆ ನನ್ನ ಕೈಲಾಗ್ಲಿಲ್ಲ,” ಎಂದ ಭಾವ. ಅಕ್ಕ ನಕ್ಕಳು, ಟೇಪು ಅಲುಗಲಿಲ್ಲ. ಕ್ಲಿಕ್.

ಈ ಸಲ ಹಿಗ್ಗಿಸಿದಾಗ ರೆಪ್ಪೆಗಳು ಬಿಡಿಬಿಡಿಯಾಗಿದ್ದವು. ಪರದೆಯಲ್ಲಿ ಚಿತ್ರದ ಕೆಳಭಾಗಕ್ಕೆ ಸರಿದ. ದವಡೆಯ ಅಂಚು, ಅದರ ಮೇಲಿನ ಮಚ್ಚೆ, ನಗುವಾಗ ಬೀಳುವ ಗೆರೆ, ಎಲ್ಲವೂ ಇದ್ದವು. ಅಲ್ಲಿಂದ ಕಣ್ಣು ಕೀಳಲಾಗಲಿಲ್ಲ.

ಅಕ್ಕ ಹೆಗಲ ಮೇಲಿಂದ ಇಣುಕಿದಳು. “ನಿನ್ನ ಮುಖ ತೋರ್ಸು.”

ತನ್ನನ್ನು ಅವನು ನೋಡಿಕೊಂಡೇ ಇರಲಿಲ್ಲ. ಟೇಪಿನ ಚಿಂತೆಯಲ್ಲಿ ಅವನು ಎರಡೂ ಕಣ್ಣು ಗಟ್ಟಿಯಾಗಿ ಮುಚ್ಚಿಕೊಂಡಿದ್ದ.

“ಅಯ್ಯೋ, ಒಂದ್ನಿ...”

“ಬೇಡ ಕಣೋ,” ಎಂದು ಅಕ್ಕ ಚೀಲ ಎತ್ತಿಕೊಂಡಳು. “ಚಿಕ್ಕಂದಿನಲ್ಲಿ ಚುಚ್ಚುಮದ್ದು ಹಾಕ್ಸುವಾಗ್ಲೂ ಹೀಗೇ ಕೂರ್ತಿದ್ದೆ. ಇದನ್ನೇ ಪ್ರಿಂಟ್ ಹಾಕ್ಸು. ನಾಳೆ ಕಣ್ಣು ಬಿಟ್ಟಾಗ ಇದೇ ಕಾಣ್ಬೇಕು ನಂಗೆ.”

ಅವಳು ಹೊರಗೆ ನಡೆದಳು. ಟೇಪಿನ ತುದಿ ಇನ್ನೂ ಅವಳ ಕೈಯಲ್ಲೇ ಇತ್ತು. ಬಾಗಿಲ ಬಳಿ ಅದು ಬಿಗಿಯಾದಾಗಲೇ ಮೂವರಿಗೂ ಗೊತ್ತಾದದ್ದು.