ಹಿಡಿಜೋಳದಲ್ಲೊಂದು ಹಿಡಿ ತೊಗರಿ

ಆಗ ನಮ್ಮ ಶಹಾಬಾದಿನ ಓಣಿಯಲ್ಲಿ ನೆಲವೂ ಫರ್ಸಿಕಲ್ಲು, ಗೋಡೆಯೂ ಫರ್ಸಿ, ಮಾಳಿಗೆಯೂ ಫರ್ಸಿ. ನಾವು ಕುಂಟಾಬಿಲ್ಲೆ ಆಡುತ್ತಿದ್ದ ಬಿಲ್ಲೆ ಕೂಡ ಪಾಲಿಶ್ ಮಷೀನಿನ ಹತ್ತಿರ ಬಿದ್ದ ಫರ್ಸಿ ಚಕ್ಕೆಯೇ. ಬೇಸಿಗೆ ಕಾಲಿಟ್ಟರೆ ಆ ಕಲ್ಲು ಕಾದು, ಬರಿಗಾಲಲ್ಲಿ ನಿಂತವರು ಕುಣಿಯಲೇಬೇಕು. ಈ ಕಡೆ ಬೆಳೆದವರ ಅಂಗಾಲಿಗೆ ಅದು ಇನ್ನೂ ನೆನಪಿರಬೇಕು.

ನಾನು ನಾಲ್ಕನೇ ಇಯತ್ತೆಯಲ್ಲಿದ್ದ ಬೇಸಿಗೆ ಅದು. ಈಸ್ಟರ್‌ಗೆ ಮುಂಚಿನ ಉಪವಾಸದ ವಾರಗಳು, ಮನೆಮನೆಗೂ ಹೊಸ ಜೋಳ ಬಂದ ಕಾಲ. ನಮ್ಮ ಚರ್ಚಿನ ಹೆಂಗಸರಲ್ಲಿ ಒಂದು ಪದ್ಧತಿ ಇತ್ತು. ಗಿರಣಿಗೆ ಜೋಳ ಅಳೆಯುವಾಗ ಮೊದಲ ಹಿಡಿ ತೆಗೆದು ಬೇರೆ ಡಬ್ಬಿಗೆ ಹಾಕುವುದು. ಅದೇ ಹಿಡಿಜೋಳ, ದೇವರ ಪಾಲು. ಮನೆಯಲ್ಲಿ ಹಿಟ್ಟು ತೀರಿದರೂ ಆ ಡಬ್ಬಿಗೆ ಕೈ ಹಾಕುವಂತಿಲ್ಲ. ಶನಿವಾರ ಅದನ್ನೆಲ್ಲ ಮನೆಮನೆಯಿಂದ ಒಂದು ಚೀಲಕ್ಕೆ ಕೂಡಿಸಿ ಸಂಡೇ ಸ್ಕೂಲಿನ ಸಲೋಮಿ ಟೀಚರ್ ಮನೆಗೆ ಮುಟ್ಟಿಸಬೇಕು. ಅಲ್ಲಿಂದ ಅದು ಚಿಂಚೋಳಿ ಕಡೆಯ ಅನಾಥ ಮಕ್ಕಳ ಹಾಸ್ಟೆಲ್ಲಿಗೆ ಹೋಗುತ್ತದೆ ಎಂದು ಟೀಚರ್ ಹೇಳಿದ್ದರು.

ಆ ವರ್ಷ ಚೀಲ ನನ್ನ ಪಾಲಿಗೆ ಬಂತು.

"ಕರುಣಾ, ದೇವರು ಒಬ್ಬೊಬ್ಬರಿಗಿ ಒಂದೊಂದು ಕೆಲಸ ಕೊಟ್ಟಾನ," ಎಂದು ಟೀಚರ್ ಚೀಲವನ್ನು ತಾವೇ ನನ್ನ ಹೆಗಲಿಗೆ ಏರಿಸಿದರು. "ನಾ ಸಣ್ಣಾಕಿ ಅನ್ನಬ್ಯಾಡ. ನಿನ್ನ ಸಲುವಾಗೇ ಆತ ಇಟ್ಟ ಕೆಲಸ ಇದು."

ಅವತ್ತಿನಿಂದ ನನ್ನ ನಡಿಗೆಯೇ ಬೇರೆಯಾಯಿತು. ಗೆಳತಿಯರು ಆಟಕ್ಕೆ ಕರೆದರೆ "ನನಗ ಕೆಲಸ ಅದ" ಎನ್ನುವ ಬಿಂಕ! ಆ ಹಾಸ್ಟೆಲ್ಲಿನಲ್ಲಿ ಚಿನ್ನಿ ಎಂಬ ಹುಡುಗಿ ಇದ್ದಾಳೆಂದು ನಾನೇ ಕಲ್ಪಿಸಿಕೊಂಡೆ. ಅವಳಿಗೆ ರೊಟ್ಟಿಯ ಗರಿಗರಿ ಅಂಚೆಂದರೆ ಇಷ್ಟ. ದಿನಾ ಪ್ರಾರ್ಥನೆಯಲ್ಲಿ ಅವಳ ಹೆಸರು ಹೇಳುತ್ತಿದ್ದೆ.

ನಮ್ಮ ಪಕ್ಕದ ಮನೆಯವಳು ನೀಲಮ್ಮ ಆಯಿ. ಹಣೆ ತುಂಬ ವಿಭೂತಿ, ಕೊರಳಲ್ಲಿ ಲಿಂಗ. ಒಬ್ಬಳೇ ಇರುತ್ತಿದ್ದಳು. ತೊಗರಿ ಒಡೆದು ಬೇಳೆ ಮಾಡುವ ಬ್ಯಾಳಿ ಮಿಲ್ಲಿನಲ್ಲಿ ಕಸ ಹೊಡೆಯುವ ಕೆಲಸ. ಚೆಲ್ಲಿದ ತೊಗರಿಯನ್ನು ಮಾಲಕರು ಅವಳಿಗೇ ಬಿಡುತ್ತಿದ್ದರು. ಅವಳು ನಮ್ಮ ಚರ್ಚಿನವಳಲ್ಲವಾದ್ದರಿಂದ ಅವಳ ಬಾಗಿಲಲ್ಲಿ ನಾನು ನಿಲ್ಲುತ್ತಿರಲಿಲ್ಲ. ಒಂದು ಶನಿವಾರ ಅವಳೇ ಕೂಗಿದಳು.

"ಏನ್ ಬೇ ಅದು, ವಾರ ವಾರ ಹೊತ್ಕೊಂಡು ತಿರಗ್ತಿ?"

"ಅವ್ವ-ಅಪ್ಪ ಇಲ್ಲದ ಮಕ್ಕಳಿಗಿ ಜೋಳ, ಆಯಿ. ರೊಟ್ಟಿ ಮಾಡಿ ಕೊಡ್ತಾರ."

"ಮತ್ತ ಬ್ಯಾಳಿ?"

ನಾನು ಚೀಲದ ಬಾಯಿ ಬಿಚ್ಚಿ ತೋರಿಸಿದೆ, ಬರೀ ಜೋಳ.

"ಬರೇ ರೊಟ್ಟಿ ಕೂಸುಗಳ ಗಂಟಲದಾಗ ಇಳೀತದೇನು?" ಎಂದವಳೇ ಒಳಗೆ ಹೋಗಿ ಒಂದು ಹಿಡಿ ಕೆಂಪು ತೊಗರಿ ತಂದಳು.

"ನೀ ನಮ್ಮ ಚರ್ಚಿನಾಕಿ ಅಲ್ಲಲ್ಲ ಆಯಿ..."

"ದಾಸೋಹಕ್ಕ ಅವರು ಇವರು ಅಂತ ಇರಂಗಿಲ್ಲ. ಹಿಡಿ ಚೀಲಾ."

ಆಮೇಲೆ ಪ್ರತಿ ಶನಿವಾರ ಜೋಳದ ಮೇಲೊಂದು ಹಿಡಿ ತೊಗರಿ ಬೀಳತೊಡಗಿತು. ಟೀಚರಿಗೆ ಹೇಳಿ ಹಿಗ್ಗಿದೆ. "ಚೊಲೊ ಆಯ್ತು, ಕೂಡೇ ಸುರಿ," ಎಂದರು, ತಲೆ ಎತ್ತಲಿಲ್ಲ.

ಈಸ್ಟರ್ ಹಿಂದಿನ ದಿನ ಬಿಸಿಲೇರುವ ಮುಂಚೆಯೇ ಚೀಲ ತುಂಬಿತ್ತು. ಬೇಗ ಹೋದೆ. ಮುಂದಿನ ಬಾಗಿಲು ಹಾಕಿತ್ತು, ಹಿತ್ತಲಿಗೆ ನಡೆದೆ. ಟೀಚರ್ ಕೈಯಲ್ಲಿ ಮೊರ, ಸುತ್ತಲೂ ಕೋಳಿಗಳು. ಆ ಕೋಳಿಗಳು ನಮಗೆಲ್ಲ ಬೇಕಾದವು. ಈಸ್ಟರ್ ದಿನ ಉಳ್ಳಾಗಡ್ಡಿ ಸಿಪ್ಪೆ ಹಾಕಿ ಕೆಂಪಗೆ ಕುದಿಸಿದ ತತ್ತಿಗಳು ಅಲ್ಲಿಂದಲೇ ಬರುತ್ತಿದ್ದವು. ಟೀಚರ್ ಮೊರದಿಂದ ಕಾಳು ಎರಚುತ್ತಿದ್ದರು. ದಪ್ಪ ಬಿಳಿಜೋಳ, ಹಳದಿ ಹೈಬ್ರಿಡ್ ಜೋಳ, ಅದರ ನಡುನಡುವೆ ಕೆಂಪು ತೊಗರಿ. ಕೋಳಿಗೆ ತೊಗರಿ ಹಾಕುವಷ್ಟು ಶ್ರೀಮಂತರು ನಮ್ಮೂರಲ್ಲಿ ಯಾರೂ ಇರಲಿಲ್ಲ. ಕೋಳಿಗಳಾದರೂ ತಿಂದವೇ? ಜೋಳ ಹೆಕ್ಕಿ, ತೊಗರಿಯನ್ನು ಕಾಲಿನಿಂದ ಕೆದರಿ ಹಿಂದಕ್ಕೆ ದಬ್ಬುತ್ತಿದ್ದವು.

"ಟೀಚರ್ರೀ, ಹಾಸ್ಟೆಲ್ಲಿಗಿ ಯಾವಾಗ ಕಳಸ್ತೀರಿ?"

ಅವರು ತಿರುಗಿ ನೋಡಿ ನಕ್ಕರು. "ಕಳಸ್ತೀನಿ ಕರುಣಾ. ಅಲ್ಲಿಡು ಚೀಲಾ."

ಮನೆಯಲ್ಲಿ ಅವ್ವ ರೊಟ್ಟಿ ಬಡಿಯುತ್ತಿದ್ದಳು. ಓಡಿ ಹೋಗಿ ಹೇಳಿದೆ: "ಅವ್ವಾ, ನಮ್ಮ ಜೋಳ ಟೀಚರ್ ಕೋಳಿಗಿ ಹಾಕಲಿಕತ್ತಾರ!"

ಅವ್ವನ ಕೈ ನಿಲ್ಲಲಿಲ್ಲ. "ಆ ಹಾಸ್ಟೆಲ್ ಹೋದ ವರ್ಷಾನೇ ಬಂದ್ ಆಗ್ಯದ."

"ನಿನಗ ಗೊತ್ತಿತ್ತಾ?"

"ಎಲ್ಲಾರಿಗೂ ಗೊತ್ತದ. ನಾ ಇಡೋದು ದೇವರಿಗಿ. ಮುಂದಿಂದು ಅವರಿಗಿ ಬಿಟ್ಟಿದ್ದು. ನೀ ಟೀಚರ್ ಮುಂದ ಬಾಯಿ ಬಿಡಬ್ಯಾಡ ನೋಡು."

ಟೀಚರ್ ಮೇಲೆ ಸಿಟ್ಟು ಬಂದಿತ್ತು. ಅವ್ವನ ಮಾತಿಗೆ ಎದೆಯೇ ಒಡೆಯಿತು. ವಾರ ವಾರ ಡಬ್ಬಿ ಎತ್ತಿ ನನ್ನ ಚೀಲಕ್ಕೆ ಸುರಿದು, "ಹುಷಾರ್, ಚೆಲ್ಲಬ್ಯಾಡ" ಎಂದು ಕಳಿಸಿದವಳು ಅವಳೇ ಅಲ್ಲವೇ? ಇಡೀ ಚರ್ಚಿಗೆ ಗೊತ್ತಿತ್ತು. ಗೊತ್ತಿಲ್ಲದವರು ಇಬ್ಬರೇ, ನಾನು ಮತ್ತು ನೀಲಮ್ಮ ಆಯಿ. ಅವತ್ತು ಪ್ರಾರ್ಥನೆಯಲ್ಲಿ ಚಿನ್ನಿಯ ಹೆಸರು ಬಾಯಿಗೆ ಬಂತು, ನುಂಗಿಕೊಂಡೆ.

ಮರುದಿನ ಹಬ್ಬ. ಎಲ್ಲ ಮಕ್ಕಳಿಗೂ ಒಂದೊಂದು ಕೆಂಪು ತತ್ತಿ, ನನಗೆ ಮಾತ್ರ ಎರಡು. "ದೇವರ ಕೆಲಸ ಮಾಡಿದಾಕಿಗಿ," ಎಂದು ಟೀಚರ್ ಸಭೆಯ ಮುಂದೆ ನಿಲ್ಲಿಸಿದರು. ಚಪ್ಪಾಳೆ ಬಿತ್ತು. ಅವ್ವನೂ ತಟ್ಟಿದಳು. ನಾನು ತಿನ್ನಲಿಲ್ಲ. ತೊಗರಿ ಆಯಿಯದು, ಹಾಗಾದರೆ ತತ್ತಿಯೂ ಆಯಿಯದೇ ಅಂತ ನನ್ನ ಬುದ್ಧಿಗೆ ತೋಚಿತು. ಲಂಗದ ಮಡಿಲಲ್ಲಿಟ್ಟುಕೊಂಡು ಓಡಿ, ಅವಳ ಮುಂದೆ ಹಿಡಿದೆ.

ಆಯಿ ಕೈಯನ್ನು ಸೆರಗಿನೊಳಗೆ ಎಳೆದುಕೊಂಡಳು. "ಅದು ನಮಗ ನಡೆಯಂಗಿಲ್ಲವ್ವ. ನೀ ತಿನ್ನು."

ಲಿಂಗ ಕಟ್ಟಿದವಳು ತತ್ತಿ ಮುಟ್ಟುವುದಿಲ್ಲ ಎಂಬುದು ಓಣಿಯ ನಾಯಿಗೂ ಗೊತ್ತು. ಆ ಗಳಿಗೆಯಲ್ಲಿ ನಾನು ಮರೆತಿದ್ದೆ. ಅವಳಿಗೆ ತಿರುಗಿ ಕೊಡಲು ನನ್ನಲ್ಲಿದ್ದದ್ದು ಅದೊಂದೇ, ಅದನ್ನೂ ಅವಳು ಮುಟ್ಟುವಂತಿರಲಿಲ್ಲ. ಅಳುತ್ತ ಎಲ್ಲ ಹೇಳಿಬಿಟ್ಟೆ.

"ಹಾಸ್ಟೆಲ್ಲೇ ಇಲ್ಲಾ?"

"ಇಲ್ಲ ಆಯಿ."

"ನಿಮ್ಮ ಟೀಚರ್ ಯಾರೋ ನನಗ ಗೊತ್ತಿಲ್ಲ ಬೇ. ನಾ ನಿನ್ನ ಕೈಯಾಗ ಕೊಟ್ಟಿದ್ದೆ," ಎಂದಳು. ಬೈಯಲಿಲ್ಲ. ಬೈದಿದ್ದರೆ ಇಷ್ಟು ಹೊತ್ತಿಗೆ ಮರೆಯುತ್ತಿದ್ದೆನೇನೋ.

ಚೀಲ ಮುಂದೆ ಬೇರೆ ಹುಡುಗಿಯ ಹೆಗಲೇರಿತು. ಆಯಿ ಈಗಿಲ್ಲ, ಹಿಡಿಜೋಳದ ಪದ್ಧತಿಯೂ ಇಲ್ಲ. ನಾನು ಹತ್ತಿರದ ವಾಡಿ ಊರಿಗೆ ಮದುವೆಯಾಗಿ ಬಂದೆ. ಕ್ರಿಸ್ತನನ್ನು ಬಿಡಲಿಲ್ಲ, ಅಡುಗೆಗೆ ಮುಂಚೆ ಮೊದಲ ಹಿಡಿ ತೆಗೆದಿಡುವುದನ್ನೂ ಬಿಡಲಿಲ್ಲ. ಆದರೆ ಯಾರ ಚೀಲಕ್ಕೂ ಹಾಕುವುದಿಲ್ಲ. ಭಾನುವಾರ ನಾನೇ ಬೇಳೆ ಬೇಯಿಸಿ, ಕೂಲಿಯವರ ಮಕ್ಕಳನ್ನು ಕೂಡಿಸಿ, ತುತ್ತು ಬಾಯಿಗೆ ಹೋಗುವ ತನಕ ನೋಡುತ್ತ ಬಡಿಸುತ್ತೇನೆ. "ಕರುಣಕ್ಕನ ಭಕ್ತಿ ಭಾಳ ದೊಡ್ಡದು," ಅನ್ನುತ್ತಾರೆ ಜನ. ಅದರಲ್ಲಿ ಭಕ್ತಿ ಎಷ್ಟು, ಅನುಮಾನ ಎಷ್ಟು ಎಂದು ನನಗೆ ಗೊತ್ತು.

ಹಸಿದ ಮಕ್ಕಳಿಗೆಂದು ಯಾರಾದರೂ ಕೇಳಿಕೊಂಡು ಬಂದಾಗ ನೀಲಮ್ಮ ಆಯಿ ನೆನಪಾಗುತ್ತಾಳೆ. ಅವಳು ಚೀಲ ನೋಡಿ ಕೇಳಿದ್ದು "ಮತ್ತ ಬ್ಯಾಳಿ?" ಎಂದು. ನಾನು ಬಾಗಿಲಲ್ಲೇ ನಿಲ್ಲಿಸಿ ಕೇಳುವುದು, "ಇದು ಎಲ್ಲಿಗಿ ಹೋಗ್ತದ?"