ನಮ್ಮವರು ಮುಚ್ಚಿದ ಕಿಂಡಿಗಳು

ನಮ್ಮವರು ಹಳೆಯ ಕಬ್ಬಿಣದ ಕಿಟಕಿಗಳನ್ನು ರಿಪೇರಿ ಮಾಡುವವರು. ಅವರು ಕೂರಿಸಿದ ಚೌಕಟ್ಟಿಗೆ ಬಣ್ಣ ಬಳಿಯುವವಳು ನಾನು. ಕೆಲಸದಲ್ಲಿ ಅವರ ಕೈ ಚಿನ್ನ. ಮಾತಿಗೆ ನಿಂತರೆ ಮಾತ್ರ, ತಾನು ಹಿಡಿದ ಮೊಲಕ್ಕೆ ಮೂರೇ ಕಾಲು ಎನ್ನುವ ಆಸಾಮಿ.

ಅಕ್ಕನ ಜೊತೆಗಿರುವ ಟೀಚರ್ ಒಬ್ಬರ ಮನೆಯ ಕೆಲಸ ಸಿಕ್ಕಾಗ ಒಂದು ವಾರ ನಮ್ಮವರ ಕಾಲು ನೆಲದ ಮೇಲೆ ನಿಲ್ಲಲಿಲ್ಲ. ಚಪ್ಪಟೆ ತಾರಸಿಯ ಬಿಳಿ ಮನೆ, ಗೋಡೆಗಿಂತ ಗಾಜೇ ಹೆಚ್ಚು. ಎಂಬತ್ತು ವರ್ಷದ ಹಿಂದೆ ‘ಹೊಸ ಕಾಲದ ಮನೆ’ ಎಂದು ಕಟ್ಟಿದ್ದು ಈಗ ಸರ್ಕಾರದ ಸಂರಕ್ಷಿತ ಪಟ್ಟಿಯಲ್ಲಿದೆ. ಹೊರನೋಟ ಕೂದಲೆಳೆಯಷ್ಟೂ ಬದಲಾಗಕೂಡದು. ಚಳಿಗಾಲದಲ್ಲಿ ಎಷ್ಟು ಹೀಟರ್ ಹಾಕಿದರೂ ಶಾಖವೆಲ್ಲ ಬೀದಿಪಾಲು. ಈ ವರ್ಷವೂ ಹೀಗೇ ಆದರೆ, ಉಬ್ಬಸದ ಅಕ್ಕನಿಗಾಗಿ ಹುಟ್ಟಿದ ಮನೆಯನ್ನೇ ಬಿಡಬೇಕು ಎಂದಿದ್ದರು ಟೀಚರ್.

“ಸೂಜಿ ತೂರೋ ಜಾಗದಲ್ಲೂ ಗಾಳಿ ಬರದ ಹಾಗೆ ಮಾಡ್ಕೊಡ್ತೀನಿ,” ಎಂದು ನಮ್ಮವರು ಮಾತು ಕೊಟ್ಟರು.

ಕೊಟ್ಟ ಮಾತು ಉಳಿಸಿಕೊಂಡರು ಕೂಡ. ತುಕ್ಕು ಕೆರೆದು, ಅದೇ ತೆಳು ಚೌಕಟ್ಟಿಗೆ ಜೋಡಿ ಗಾಜು ಕೂರಿಸಿ, ಸಂದುಸಂದಿಗೂ ರಬ್ಬರ್ ಪಟ್ಟಿ ಒತ್ತಿದರು. ಪ್ರತಿ ಕಿಟಕಿಯ ಮೇಲೂ ಅಂಗೈ ಅಗಲದ ಕಿಂಡಿ, ಅದಕ್ಕೊಂದು ಮುಚ್ಚಳ ಇತ್ತು. “ಚಳೀನ ಒಳಗೆ ಕರೆಯೋಕೆ ಬಾಗಿಲಿಟ್ಟ ಮಹಾನುಭಾವ ಯಾರಪ್ಪಾ!” ಎಂದು ನಕ್ಕು ಅವನ್ನೂ ಒಳಗಿನಿಂದ ಮುಚ್ಚಿಬಿಟ್ಟರು. ನಾನೂ ನಗುತ್ತಲೇ ಮೇಲೆ ಬಣ್ಣ ಬಳಿದೆ.

ಮನೆ ಬೆಚ್ಚಗಾಯಿತು. ಎರಡು ತಿಂಗಳಿಗೆ ಟೀಚರ್ ಫೋನ್ ಬಂತು. ಹೋಗಿ ನೋಡಿದರೆ ಗಾಜಿನ ಮೇಲೆ ನೀರಿಳಿಯುತ್ತಿದೆ, ಬೀರುವಿನ ಹಿಂದಿನ ಗೋಡೆಗೆ ಕಪ್ಪು ಬೂಷ್ಟು, ಅಕ್ಕನ ಉಬ್ಬಸ ಇಮ್ಮಡಿ. ಉಸಿರಿನ, ಸ್ನಾನದ, ಅಡುಗೆಯ ಹಬೆ ಹೊರಹೋಗಲು ನಾವು ದಾರಿಯನ್ನೇ ಉಳಿಸಿರಲಿಲ್ಲ. ನಮ್ಮವರ ಮುಖ ಇಂಗು ತಿಂದ ಮಂಗನಂತಾಯಿತು.

ಮರುದಿನ ಸಂರಕ್ಷಣಾ ಇಲಾಖೆಯ ಇನ್‌ಸ್ಪೆಕ್ಟರ್ ಬರುವವರಿದ್ದರು. “ಟೀಚರ್ ಮನೇವ್ರು ಒಳಗೇ ಬಟ್ಟೆ ಒಣಗಿಸ್ತಾರೆ, ಅದಕ್ಕೇ ಹೀಗಾಯ್ತು ಅಂದ್ಬಿಡಿ. ತಪ್ಪು ನಿಮ್ಮ ತಲೆಗೆ ಬಂದ್ರೆ ಇಂಥ ಮನೆ ಕೆಲಸ ಮತ್ತೆ ಸಿಗಲ್ಲ.” ಹೌದು, ಹಾಗೆಂದವಳು ನಾನೇ. ಅವರು ಆ ರಾತ್ರಿ ಊಟ ಮಾಡಲಿಲ್ಲ.

ಇನ್‌ಸ್ಪೆಕ್ಟರ್ ಗೋಡೆ ಮುಟ್ಟುವ ಮೊದಲೇ ನಮ್ಮವರು ಅಂದರು: “ಸಾರ್, ತಪ್ಪು ನಂದು. ಕಿಂಡಿ ಮುಚ್ಚಬಾರದಿತ್ತು. ಕಟ್ಟಿದೋನಿಗೆ ನನಗಿಂತ ಬುದ್ಧಿ ಇತ್ತು.”

“ಹದಿನೈದು ದಿನ ಕೊಡ್ತೀನಿ, ಸರಿ ಮಾಡಿ. ಪಟ್ಟಿಯಲ್ಲಿರೋ ಬೇರೆ ಮನೆಗಳ ಕೆಲಸದ ಮಾತು ಆಮೇಲೆ,” ಎಂದು ಬರೆದುಕೊಂಡು ಹೋದರು ಇನ್‌ಸ್ಪೆಕ್ಟರ್.

ಟೀಚರ್ ಮೆಲ್ಲಗೆ ಹೇಳಿದರು: “ದಿನಾ ಬೆಳಗ್ಗೆ ಅಕ್ಕ ಕಿಂಡಿ ಮುಚ್ಚಳಾನ ಒಂಚೂರು ತೆಗೆದು, ಆಮೇಲೆ ಮುಚ್ತಿದ್ಲು. ನೀವು ಕೇಳ್ಲೇ ಇಲ್ವಲ್ಲ.”

ಅಕ್ಕತಂಗಿಯರು ಇಂದಿಗೂ ಬೆಚ್ಚಗೆ ಅದೇ ಮನೆಯಲ್ಲಿದ್ದಾರೆ. ಬೇರೆ ಮನೆಗಳ ಕೆಲಸ ಇನ್ನೂ ಬಂದಿಲ್ಲ, ಬರದಿದ್ದರೂ ಬೇಡ. ಇನ್‌ಸ್ಪೆಕ್ಟರ್ ಬಂದುಹೋದ ಆ ದಿನವೇ ನಮ್ಮವರು ಏಣಿ ಹತ್ತಿ, ನಾನು ಬಳಿದ ಬಣ್ಣ ಕೆರೆದು ಮೊದಲ ಮುಚ್ಚಳ ಬಿಡಿಸಿದರು. ಆಮೇಲೆ ಕೆಳಗಿಳಿದು ಅಕ್ಕನ ಕುರ್ಚಿಯ ಪಕ್ಕ ನೆಲದ ಮೇಲೆ ಕೂತರು.

“ಎಷ್ಟು ತೆಗೀತಿದ್ರಿ ಅಕ್ಕಾ? ತೋರಿಸಿ.”

ಆಕೆ ಕೆಮ್ಮುತ್ತಲೇ ಎರಡು ಬೆರಳು ಜೋಡಿಸಿ ತೋರಿಸಿದರು. ನಮ್ಮವರು ಅದರ ಪಕ್ಕಕ್ಕೆ ತಮ್ಮ ಎರಡು ಬೆರಳು ಹಿಡಿದು ಅಳತೆ ತೆಗೆದುಕೊಂಡರು. ಮದುವೆಯ ದಿನವೂ ನನಗೆ ಅವರ ಮೇಲೆ ಅಷ್ಟು ಪ್ರೀತಿ ಬಂದಿರಲಿಲ್ಲ.