ಅಜ್ಜಿಗೆ ‘ತಾವು’ ಎಂದದ್ದು

ಸರ್ಕಾರದ ಆಶ್ರಮ ಶಾಲೆಗಳು ನಮ್ಮ ಸೋಲಿಗರ ಮಕ್ಕಳಿಗೆ ಏನು ಕೊಟ್ಟವು, ಏನು ಕಿತ್ತುಕೊಂಡವು ಎಂದು ಊರೂರಲ್ಲಿ ಮಾತಾಡುವುದು ಈಗ ನನ್ನ ಕೆಲಸ. ಹೋದ ವರ್ಷ ಹನೂರಿನಲ್ಲಿ ವಾರ್ಡನ್‌ಗಳಿಗೂ ಮೇಷ್ಟ್ರುಗಳಿಗೂ ಒಂದು ಸಭೆಯಿತ್ತು. ತಾನೂ ಬರುತ್ತೇನೆಂದು ನನ್ನಜ್ಜಿ ಹಟ ಹಿಡಿದಳು. ನನ್ನ ಭಾಷಣ ಕೇಳುವುದಕ್ಕಲ್ಲ, ಕೊಳ್ಳೇಗಾಲದಲ್ಲಿ ಬಸ್ಸು ಬದಲಿಸುವಾಗ ಮಸಾಲೆದೋಸೆ ತಿನ್ನುವುದಕ್ಕೆ.

ದೋಸೆ ತಿಂದು ಬಂದವಳು ಮುಂದಿನ ಸಾಲಿನಲ್ಲೇ ಕೂತು ಎಲೆಯಡಿಕೆ ಹಾಕಿಕೊಂಡಳು. ನಾನು ಗಂಭೀರವಾಗಿ ಶುರು ಮಾಡಿದೆ. ಹಾಲುಹಲ್ಲು ಬೀಳುವ ಮೊದಲೇ ಬೆಟ್ಟದ ಮೇಲಿನ ನಮ್ಮ ಊರಾದ ಪೋಡು ಬಿಟ್ಟು ಹಾಸ್ಟೆಲ್ ಸೇರಿದ್ದು, ನಮ್ಮ ಮಾತು ಆಡಿದರೆ ಮಂಡಿಯೂರಿಸುತ್ತಿದ್ದದ್ದು, ನಾವು ನಾವೇ ಇದ್ದಾಗಲೂ ಪಿಸುಗುಟ್ಟುತ್ತಿದ್ದದ್ದು ಎಲ್ಲ ಹೇಳಿದೆ. ಸಭೆ ತಲೆಯಾಡಿಸುತ್ತಿತ್ತು, ಸ್ವಲ್ಪ ಮರ್ಯಾದೆಗೆ, ಸ್ವಲ್ಪ ನಿದ್ದೆಗೆ.

ಅಷ್ಟರಲ್ಲಿ ಅಜ್ಜಿ ಎದ್ದು ನಿಂತು, “ಗೇಟಿನ್ ಕತೆ ಯೋಳ್ನೇ ಇಲ್ವಲ್ಲ ಕುಸ,” ಎಂದಳು.

ಕೂರು ಎಂದು ಸನ್ನೆ ಮಾಡಿದೆ. ಅವಳು ಸೀದಾ ಮೈಕಿನ ಹತ್ತಿರ ಬಂದು ತಾನೇ ಹೇಳತೊಡಗಿದಳು. ಹಾಸ್ಟೆಲಿನಲ್ಲಿದ್ದ ನನ್ನನ್ನು ನೋಡಲು ಮಡಿಲಲ್ಲಿ ಸುಟ್ಟ ಗೆಣಸು ಕಟ್ಟಿಕೊಂಡು ಬೆಟ್ಟ ಇಳಿದು ಬಂದಿದ್ದಳಂತೆ. ಗೇಟಿನ ಹೊರಗೆ ಅವಳು, ಒಳಗೆ ನಾನು, ನನ್ನ ಪಕ್ಕದಲ್ಲಿ ಮೇಷ್ಟ್ರು. ಏಟಿನ ಭಯಕ್ಕೆ ನಾನು ಪಾಠದ ಪುಸ್ತಕದ ಕನ್ನಡದಲ್ಲಿ, ‘ಅಜ್ಜಿ, ತಾವು ಕ್ಷೇಮವೇ?’ ಎಂದು ಕೇಳಿದೆನಂತೆ. ನನಗದು ಮರೆತೇ ಹೋಗಿತ್ತು.

“ಯಾರೋ ಸಾಹೇಬ್ರು ಬಂದವ್ರೆ ಅಂದ್ಕಂಡು ಇಂದಕ್ಕೆ ತಿರುಗಿ ನೋಡ್ದೆ ಕಣ್ರಪ್ಪ,” ಎಂದಳು ಅಜ್ಜಿ. “ಯಾರೂ ಇರ್ನಿಲ್ಲ.”

ಸಭೆ ಬಿದ್ದು ಬಿದ್ದು ನಕ್ಕಿತು. ನಾನೂ ನಕ್ಕೆ. ನಗು ನಿಲ್ಲುವ ತನಕ ಅಜ್ಜಿ ಸುಮ್ಮನೆ ಕಾದಳು. ಆಮೇಲೆ, “ನಮ್ ಕುಸನ್ನ ಬದ್ಲಾಯಿಸ್ಬುಟ್ಟವ್ರೆ ಅಂತ ಬೆಟ್ಟ ಅತ್ತೋ ಗಂಟ ಅಳ್ಕಂಡೇ ಓದೆ,” ಎಂದಳು.

ಅವಳು ಅತ್ತಿದ್ದಳೆಂದು ನನಗೆ ಗೊತ್ತಾದದ್ದು ಆ ಸಭೆಯಲ್ಲೇ. ಮೈಕನ್ನು ಅವಳಿಗೇ ಬಿಟ್ಟು ಹೋಗಿ ಅವಳ ಜಾಗದಲ್ಲಿ ಕೂತೆ.

ಹಿಂದಿನ ಸಾಲಿನಿಂದ ಒಬ್ಬ ವಾರ್ಡನಮ್ಮ ಎದ್ದು, ನಮ್ಮ ಹಾಸ್ಟೆಲಿಗೆ ಬಂದು ಮಕ್ಕಳಿಗೆ ನಿಮ್ಮ ಮಾತಲ್ಲೇ ಕತೆ ಹೇಳುತ್ತೀರಾ ಎಂದು ಅಜ್ಜಿಯನ್ನು ಕೇಳಿದರು. ಊಟಕ್ಕೆ ಏನು ಮಾಡುತ್ತೀರಿ ಎಂದು ವಿಚಾರಿಸಿಕೊಂಡೇ ಅಜ್ಜಿ ಒಪ್ಪಿದಳು. ಈಗ ಶನಿವಾರ ಶನಿವಾರ ಹೋಗುತ್ತಾಳೆ. ಆನೆ ಕರಡಿಗಳ ಕತೆ ಹೇಳಿ, ಹಾಡು ಕಲಿಸಿ, ಸಾರು ನೀರಾಗಿದೆ ಎಂದು ಅಡುಗೆಯವರ ಜೊತೆ ಜಗಳವಾಡಿ ಬರುತ್ತಾಳೆ.

ಮೊನ್ನೆ ನಾನೂ ಜೊತೆಗೆ ಹೋಗಿದ್ದೆ. ಅಂಗಳದಲ್ಲಿ ಒಂದು ಹುಡುಗಿ ನಮ್ಮ ಮಾತಲ್ಲೇ, ಗಟ್ಟಿಯಾಗಿ, ಗೆಳತಿಯನ್ನು ಬೈಯುತ್ತಿದ್ದಳು. ಯಾರೂ ತಡೆಯಲಿಲ್ಲ. ಏನೆಂದಳು ಎಂದು ವಾರ್ಡನಮ್ಮ ನನ್ನನ್ನು ಕೇಳಿದರು. ಅದರಲ್ಲಿ ಹೇಳಬಹುದಾದಷ್ಟನ್ನು ಮಾತ್ರ ಹೇಳಿದೆ.